ಹಳೇ ಬಚ್ಚಲುಮನೆಗೆ ಸ್ಪಾ ರೂಪ: ಒಡೆಯುವ ಮುಂಚಿನಿಂದ ಕೊನೆಯ ನಲ್ಲಿಯವರೆಗೆ

ಎಂಬತ್ತು, ತೊಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಕಟ್ಟಿದ ಮನೆಗಳ ಬಚ್ಚಲು ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. 5 ಅಡಿ ಅಗಲ, 8 ಅಡಿ ಉದ್ದ. ಮೊಸಾಯಿಕ್ ನೆಲ. ಸೊಂಟದ ಎತ್ತರಕ್ಕೆ ಬಿಳಿ ಟೈಲ್ಸ್, ಅದರ ಮೇಲೆ ಬಣ್ಣ ಎದ್ದ ಗೋಡೆ. ಗೋಡೆಯ ಹೊರಗೇ ಓಡುವ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಗಾಜಿನ ಪಟ್ಟಿಗಳ ವೆಂಟಿಲೇಟರ್. ಕೆಳಗಡೆ ಉಬ್ಬಿ ಕೊಳೆತ ಬಾಗಿಲು. ಈ ಮಾರ್ಗದರ್ಶಿ ಅಂಥ ಬಚ್ಚಲಿಗಾಗಿಯೇ.

ಒಳ್ಳೆ ರೆಸಾರ್ಟಿನ ಬಾತ್‌ರೂಮ್ ಯಾಕೆ ಹಿತ ಅನ್ನಿಸುತ್ತದೆ, ಯೋಚಿಸಿ ನೋಡಿ. ಕಾಲಿಟ್ಟರೆ ನೆಲ ಒಣಗಿರುತ್ತದೆ. ವಾಸನೆ ಇರುವುದಿಲ್ಲ. ಬಿಸಿನೀರು ಒಂದೇ ಹದದಲ್ಲಿ ಬರುತ್ತದೆ. ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ಈ ನಾಲ್ಕರಲ್ಲಿ ಒಂದನ್ನೂ ಶೋರೂಮಿನಲ್ಲಿ ಬಿಲ್ ಮಾಡಿಸಿ ತರೋಕೆ ಆಗುವುದಿಲ್ಲ. ನೆಲದ ಇಳಿಜಾರು, ಗೋಡೆಯೊಳಗಿನ ಪೈಪು, ಗಾಳಿಯ ದಾರಿ ಸರಿಯಿದ್ದರೆ ಮಾತ್ರ ಇವು ಬರುತ್ತವೆ. ಹಾಗಾಗಿ ಕಣ್ಣಿಗೆ ಕಾಣದ ಕೆಲಸಕ್ಕೆ ಮೊದಲು ದುಡ್ಡು ಎತ್ತಿಡಿ. ಉಳಿದದ್ದರಲ್ಲಿ ಶವರ್ ಆರಿಸಿ. ಸಾಮಾನ್ಯವಾಗಿ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಒಡೆಯುವ ಮುಂಚೆ ನೋಡಬೇಕಾದ್ದು

ಮೊದಲು ಮನೆಯ ಹೊರಗೆ ಹೋಗಿ ಚೇಂಬರ್, ಅಂದರೆ ಕೊಳಚೆ ಪೈಪುಗಳು ಬಂದು ಸೇರುವ ಗುಂಡಿಯ ಮುಚ್ಚಳ ತೆಗೆಸಿ. ಬಚ್ಚಲಿನ ನೆಲಕ್ಕಿಂತ ಚೇಂಬರಿನ ಪೈಪು ಎಷ್ಟು ಕೆಳಗಿದೆ ಅಂತ ಅಳೆಯಿರಿ. 110 ಮಿ.ಮೀ. ಪೈಪಿಗೆ ಪ್ರತಿ 60 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಇಳಿತ ಸಿಗುವಂತಿರಬೇಕು. ಅಂದರೆ 3 ಮೀಟರ್ ದೂರಕ್ಕೆ 50 ಮಿ.ಮೀ. ಅಷ್ಟು ಸಿಗದಿದ್ದರೆ ಕಮೋಡ್ ಇರುವ ಜಾಗವನ್ನು ಬದಲಾಯಿಸುವ ಆಸೆ ಬಿಟ್ಟುಬಿಡಿ, ಅಥವಾ ಚೇಂಬರ್ ಆಳ ಮಾಡಿಸಿ. ಮಣ್ಣಿನ ಹಳೇ ಪೈಪುಗಳ ಜೋಡಣೆಯಲ್ಲಿ ಗಿಡದ ಬೇರು ನುಗ್ಗಿರುತ್ತದೆ. ಇದ್ದರೆ ಈಗಲೇ ಪಿವಿಸಿಗೆ ಬದಲಾಯಿಸಿ.

ಎರಡನೆಯದು, ಬಚ್ಚಲಿನ ಹಿಂದಿನ ಗೋಡೆ. ಪಕ್ಕದ ಕೋಣೆಯಲ್ಲಿ ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಪೇಂಟ್ ಉಬ್ಬಿದೆಯಾ? ಹಾಗಿದ್ದರೆ ಬಚ್ಚಲಿನ ನೀರು ಗೋಡೆಗೆ ಇಳಿಯುತ್ತಿದೆ. ಅಂಥ ಕಡೆ ಹಳೇ ಟೈಲ್ಸಿನ ಮೇಲೆ ಹೊಸ ಟೈಲ್ಸ್ ಅಂಟಿಸುವ ಮಾತೇ ಬೇಡ.

ಮೂರನೆಯದು, ಗೋಡೆ ತೆಗೆಯುವ ವಿಚಾರ. ಹಳೇ ಮನೆಗಳಲ್ಲಿ ಬಚ್ಚಲು ಬೇರೆ, ಪಾಯಖಾನೆ ಬೇರೆ. ನಡುವಿನ ನಾಲ್ಕೂವರೆ ಇಂಚಿನ ಗೋಡೆ ತೆಗೆದರೆ ಜಾಗ ದೊಡ್ಡದಾಗುತ್ತದೆ ಅನ್ನೋದು ನಿಜ. ಆದರೆ ಆ ಗೋಡೆಯ ಮೇಲೆ ಅಟ್ಟವೋ ನೀರಿನ ಟ್ಯಾಂಕೋ ಕೂತಿದ್ದರೆ ಎಂಜಿನಿಯರ್ ನೋಡದೆ ಮುಟ್ಟಬೇಡಿ. ಜೊತೆಗೆ ಮನೆಯಲ್ಲಿ ಇರೋದು ಒಂದೇ ಬಚ್ಚಲಾದರೆ, ಬೆಳಿಗ್ಗೆ ಒಬ್ಬರು ಸ್ನಾನಕ್ಕೆ ಹೋದಾಗ ಉಳಿದವರ ಪಾಡೇನು ಅಂತಲೂ ಲೆಕ್ಕ ಹಾಕಿ. ಐದಾರು ಜನರ ಮನೆಯಾದರೆ ಎರಡನ್ನೂ ಬೇರೆಯಾಗಿಯೇ ಉಳಿಸಿಕೊಳ್ಳುವುದು ವಾಸಿ.

ಅಪಾರ್ಟ್‌ಮೆಂಟಾದರೆ ಸಂಘದ ಒಪ್ಪಿಗೆ ಪಡೆದು, ಕೆಳಗಿನ ಮನೆಯವರ ಬಾತ್‌ರೂಮ್ ಸೀಲಿಂಗ್ ಹೇಗಿದೆ ಅಂತ ಅವರ ಎದುರೇ ಫೋಟೊ ತೆಗೆದಿಟ್ಟುಕೊಳ್ಳಿ.

ಶವರ್ ಕೊಳ್ಳುವ ಮುಂಚೆ ನೀರಿನ ಪ್ರೆಶರ್

ಸ್ಪಾ ಅಂದ ಕೂಡಲೇ ಎಲ್ಲರಿಗೂ ಬೇಕಾಗಿರೋದು ತಲೆ ಮೇಲೆ ಮಳೆ ಸುರಿಯುವ ದೊಡ್ಡ ಶವರ್. ಶೋರೂಮಿನಲ್ಲಿ ಅದಕ್ಕೆ ಪಂಪು ಜೋಡಿಸಿರುತ್ತಾರೆ. ನಮ್ಮ ಮನೆಯಲ್ಲಿ ನೀರು ತಾರಸಿಯ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯಬೇಕು.

ಲೆಕ್ಕ ಸುಲಭ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಪ್ರೆಶರ್. ಒಂದಂತಸ್ತಿನ ಮನೆಯಲ್ಲಿ ಶವರ್ 7 ಅಡಿ ಎತ್ತರದಲ್ಲಿದೆ, ಟ್ಯಾಂಕಿನ ತಳ ನೆಲದಿಂದ 14 ಅಡಿ ಮೇಲಿದೆ ಅಂತಿಟ್ಟುಕೊಳ್ಳಿ. ನಡುವೆ ಇರೋದು 7 ಅಡಿ, ಅಂದರೆ 2 ಮೀಟರ್ ಚಿಲ್ಲರೆ. ಸಿಗುವುದು 0.2 ಬಾರ್. ಇಷ್ಟರಲ್ಲಿ ದೊಡ್ಡ ಶವರ್ ಹಾಕಿದರೆ ನಡುವಿನ ನಾಲ್ಕು ತೂತಿನಿಂದ ನೀರು ತೊಟ್ಟಿಕ್ಕುತ್ತದೆ, ಅಷ್ಟೇ. ಶವರಿನ ಡಬ್ಬದ ಮೇಲೆ ಕನಿಷ್ಠ ಎಷ್ಟು ಪ್ರೆಶರ್ ಬೇಕು ಅಂತ ಬರೆದಿರುತ್ತಾರೆ. ಓದಿಯೇ ಕೊಳ್ಳಿ.

ಈಗಿರುವ ಶವರಿನ ತಲೆ ಬಿಚ್ಚಿ, ಅದೇ ಎತ್ತರದಲ್ಲಿ ಬಕೆಟ್ ಹಿಡಿದು ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ನೋಡಿ. ಜಿಐ ಪೈಪಿನ ಒಳಗೆ ತುಕ್ಕು ಕಟ್ಟಿದ್ದರೆ ಟ್ಯಾಂಕ್ ಎಷ್ಟೇ ಎತ್ತರದಲ್ಲಿದ್ದರೂ ನೀರು ಕಮ್ಮಿಯೇ ಬರುತ್ತದೆ. ಹೊಸ ಪೈಪು ಹಾಕಿದ ಮೇಲೂ ಸಾಲದು ಅನ್ನಿಸಿದರೆ ಟ್ಯಾಂಕಿನ ಬಳಿ ಪ್ರೆಶರ್ ಪಂಪು ಬೇಕು.

ಪಂಪು ಹಾಕುವಾಗ ತುಂಬಾ ಜನ ಎಡವುವುದು ಒಂದು ಕಡೆ. ಅದೇ ಸೋಲಾರ್. ಮನೆಗಳ ಮೇಲಿನ ಗಾಜಿನ ಕೊಳವೆಯ ಸೋಲಾರ್ ಬಹುಪಾಲು ಪ್ರೆಶರ್ ತಡೆಯುವಂಥದ್ದಲ್ಲ. ಅದರ ಟ್ಯಾಂಕಿಗೆ ಗಾಳಿ ಹೋಗುವ ಕೊಳವೆ ತೆರೆದೇ ಇರುತ್ತದೆ. ತಣ್ಣೀರಿನ ಲೈನಿಗೆ ಮಾತ್ರ ಪಂಪು ಕೊಟ್ಟರೆ ಮಿಕ್ಸರಿನಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಶವರಿನಲ್ಲಿ ಬಿಸಿನೀರೇ ಬರುವುದಿಲ್ಲ, ಅತ್ತ ಸೋಲಾರ್ ಟ್ಯಾಂಕಿನ ಮೇಲಿಂದ ನೀರು ಚೆಲ್ಲುತ್ತಿರುತ್ತದೆ. ಎರಡೂ ಲೈನಿಗೆ ಸಮ ಪ್ರೆಶರ್ ಇರಬೇಕು. ಬಿಸಿನೀರು ತಾಳುವ ಪಂಪನ್ನು ಸೋಲಾರಿನಿಂದ ಹೊರಬರುವ ಲೈನಿಗೂ ಹಾಕಿಸಿ, ಎರಡು ಕಡೆಯೂ ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇಡಿಸಿ. ಅದಾಗದಿದ್ದರೆ ಪಂಪಿನ ಸಹವಾಸ ಬಿಟ್ಟು, ಕಡಿಮೆ ಪ್ರೆಶರಿನಲ್ಲೂ ಚೆನ್ನಾಗಿ ಸುರಿಯುವ 4 ಇಂಚಿನ ಶವರ್ ಮತ್ತು ಒಂದು ಹ್ಯಾಂಡ್ ಶವರ್ ಹಾಕಿಸಿ. ದಿನಾ ತೊಟ್ಟಿಕ್ಕುವ ದೊಡ್ಡ ಶವರಿಗಿಂತ ಅದು ಎಷ್ಟೋ ಮೇಲು.

ಬಾತ್‌ಟಬ್ ಬೇಕು ಅನ್ನುವವರಿಗೆ ಒಂದು ಮಾತು. ಒಂದು ಸಲ ತುಂಬಲು 150 ಲೀಟರಿನ ಆಸುಪಾಸು ನೀರು ಬೇಕು. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಕಾದು ಕೂತದ್ದನ್ನು ಕಂಡವರು 5 ಅಡಿ ಬಚ್ಚಲಿನಲ್ಲಿ ಟಬ್ ಇಡಿಸಲಾರರು ಅಂದುಕೊಂಡಿದ್ದೇನೆ.

ಒದ್ದೆ ಜಾಗ, ಒಣ ಜಾಗ

5 ಅಡಿಗೆ 8 ಅಡಿಯ ಬಚ್ಚಲನ್ನು ಉದ್ದಕ್ಕೆ ಹಂಚಿ. ಬಾಗಿಲ ಹತ್ತಿರ ವಾಷ್‌ಬೇಸಿನ್, ನಡುವೆ ಕಮೋಡ್, ಒಳಗಿನ 3 ಅಡಿ ಸ್ನಾನಕ್ಕೆ. ಸ್ನಾನದ ಜಾಗಕ್ಕೂ ಕಮೋಡಿಗೂ ನಡುವೆ 8 ಅಥವಾ 10 ಮಿ.ಮೀ. ದಪ್ಪದ ಟಫನ್ಡ್ ಗಾಜು. ಬಾಗಿಲು ಬೇಡ, ಅಲುಗಾಡದ ಒಂದೇ ಹಲಗೆ ಸಾಕು. ಓಡಾಡಲು 2 ಅಡಿ ಬಿಡಿ. ಟಫನ್ಡ್ ಗಾಜನ್ನು ಒಮ್ಮೆ ಕಾಯಿಸಿ ಗಟ್ಟಿ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ. ಹಾಗಾಗಿ ಟೈಲ್ಸ್ ಪೂರ್ತಿ ಮುಗಿದ ಮೇಲೆಯೇ ಅಳತೆ ಕೊಡಿ.

ಗೋಡೆಗೆ ನೇತುಹಾಕುವ ಕಮೋಡ್ ಇಟ್ಟರೆ ಕೆಳಗಿನ ನೆಲ ಒರೆಸುವುದು ಸಲೀಸು, ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ಆದರೆ ನಾಲ್ಕೂವರೆ ಇಂಚಿನ ಗೋಡೆ ಆ ಭಾರ ಹೊರುವುದಿಲ್ಲ. ನೆಲಕ್ಕೆ ಬೋಲ್ಟ್ ಮಾಡುವ ಕಬ್ಬಿಣದ ಫ್ರೇಮ್ ಬೇಕೇ ಬೇಕು. ಗೋಡೆಯೊಳಗಿನ ಫ್ಲಷ್ ಟ್ಯಾಂಕಿಗೆ ನಾಳೆ ರಿಪೇರಿ ಬಂದರೆ ಬಟನ್ ಪ್ಲೇಟ್ ತೆಗೆದು ಕೈ ಹಾಕುವಂತಿರಬೇಕು. ಬಿಡಿಭಾಗ ನಿಮ್ಮ ಊರಿನಲ್ಲೇ ಸಿಗುತ್ತದಾ ಅಂತ ಕೇಳಿಕೊಂಡು ಕೊಳ್ಳಿ.

ಒಡೆಯುವುದು, ಪೈಪು ಎಳೆಯುವುದು

ಟೈಲ್ಸ್, ಗಾರೆ, ಹಳೇ ಇಟ್ಟಿಗೆ ಚೂರಿನ ತುಂಬು ಎಲ್ಲವನ್ನೂ ತೆಗೆದು ಕಾಂಕ್ರೀಟ್ ಕಾಣುವವರೆಗೆ ಹೋಗಿ. ಅರ್ಧಕ್ಕೆ ನಿಲ್ಲಿಸಿದರೆ ಒದ್ದೆಯಾದ ತುಂಬು ಒಳಗೇ ಉಳಿದು, ಮೇಲೆ ಏನು ಹಾಕಿದರೂ ತೇವ ಬರುತ್ತಲೇ ಇರುತ್ತದೆ. ಹಳೇ ಮನೆಯ ಬೂದು ಬಣ್ಣದ ಸಿಮೆಂಟ್ ಪೈಪುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಉಂಟು. ಅವನ್ನು ಒಣದಾಗಿ ಕಟ್ಟರಿನಲ್ಲಿ ಸೀಳಿಸಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿಸಿ, ಜೋಡಣೆಯ ಕಡೆಯಿಂದ ಇಡಿಯಾಗಿ ಬಿಚ್ಚಿಸಿ.

ಬಿಸಿನೀರಿಗೂ ತಣ್ಣೀರಿಗೂ ಸಿಪಿವಿಸಿ, ಅಂದರೆ ಬಿಸಿ ತಾಳುವ ಪ್ಲಾಸ್ಟಿಕ್ ಪೈಪು. ಮುಖ್ಯ ಲೈನ್ ಮುಕ್ಕಾಲು ಇಂಚು, ಕೊನೆಯ ನಲ್ಲಿಗಳಿಗೆ ಅರ್ಧ ಇಂಚು. ಮಿಕ್ಸರಿಗೆ ಎದುರು ನಿಂತಾಗ ಬಿಸಿನೀರು ಎಡಗಡೆ. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ, ಗೋಡೆಯೊಳಗೆ ಕೂರುವ ಡೈವರ್ಟರ್ ಹಾಕಿಸುವುದಾದರೆ ಅದರ ಮೇಲಿನ ಪ್ಲಾಸ್ಟಿಕ್ ಕವಚದ ಗುರುತು ಟೈಲ್ಸಿನ ಮೇಲ್ಮೈಗೆ ಸರಿಯಾಗಿ ಬರಬೇಕು. ಜಾಸ್ತಿ ಒಳಗೆ ಹೋದರೆ ಹಿಡಿ ಕೂರುವುದಿಲ್ಲ, ಹೊರಗೆ ಬಂದರೆ ಪ್ಲೇಟ್ ಗೋಡೆಗೆ ಅಂಟುವುದಿಲ್ಲ. ಟೈಲ್ಸ್ ದಪ್ಪ ಮತ್ತು ಗಮ್ಮಿನ ದಪ್ಪ ಎರಡನ್ನೂ ಪ್ಲಂಬರಿಗೆ ಮೊದಲೇ ಹೇಳಿ. ಈ ಹಂತದಲ್ಲೇ ಟೈಲ್ಸ್ ಆರಿಸಿ ಆಗಿರಬೇಕು.

ಬಕೆಟಿನ ನಲ್ಲಿಯನ್ನು ಬಿಡಬೇಡಿ. ನೆಲದಿಂದ 2 ಅಡಿ ಎತ್ತರಕ್ಕೆ ಒಂದು ಇರಲಿ. ಡಿಸೈನ್ ಮಾಡುವವರು ಚೆಂದಕ್ಕೆ ಅದನ್ನು ತೆಗೆಸುತ್ತಾರೆ. ಆಮೇಲೆ ನೆಲ ತೊಳೆಯೋಕೆ, ಬಟ್ಟೆ ನೆನೆಸೋಕೆ ಮನೆಯವರು ಒದ್ದಾಡುತ್ತಾರೆ.

ಗೋಡೆ ಮುಚ್ಚುವ ಮುಂಚೆ ಎಲ್ಲಾ ಬಾಯಿಗಳಿಗೂ ಬಿರಡೆ ಹಾಕಿಸಿ, ಕೈಪಂಪಿನಿಂದ ಪ್ರೆಶರ್ ಕೊಟ್ಟು ಒಂದು ದಿನ ಬಿಡಿ. ಮೀಟರಿನ ಮುಳ್ಳು ಇಳಿಯಬಾರದು. ಇಳಿದರೆ ಎಲ್ಲೋ ಸೋರುತ್ತಿದೆ. ಪೈಪಿನ ಪಕ್ಕ ಟೇಪು ಹಿಡಿದು ನಾಲ್ಕೂ ಗೋಡೆಯ ಫೋಟೊ ತೆಗೆದಿಡಿ. ಮುಂದೆ ಟವೆಲ್ ರಾಡಿಗೆ ತೂತು ಕೊರೆಯುವಾಗ ಅದೇ ನಿಮ್ಮ ನಕ್ಷೆ.

ಕರೆಂಟಿನ ವಿಷಯದಲ್ಲಿ ಉಳಿತಾಯ ಬೇಡ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೇರೆಯದೇ ಲೈನ್, 2.5 ಚದರ ಮಿ.ಮೀ. ಗಿಂತ ಕಡಿಮೆಯಿಲ್ಲದ ತಾಮ್ರದ ವೈರು, ಸ್ವಿಚ್ಚು ಬಾಗಿಲ ಹೊರಗೆ. ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇಲ್ಲದೆ ಬಚ್ಚಲಿಗೆ ಕರೆಂಟ್ ಕೊಡಿಸಲೇಬೇಡಿ. ಹಳೇ ಮನೆಗಳಲ್ಲಿ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಅಳೆಸಿ ನೋಡಿ.

ವಾಟರ್‌ಪ್ರೂಫಿಂಗ್

ಇಡೀ ಕೆಲಸದಲ್ಲಿ ನೀವು ಎದುರಿಗೆ ನಿಂತು ಮಾಡಿಸಬೇಕಾದ್ದು ಇದೊಂದೇ. "ಗಾರೆಗೆ ಒಂದು ಬಾಟ್ಲಿ ಲಿಕ್ವಿಡ್ ಹಾಕಿದೀನಿ ಸಾರ್, ಏನೂ ಆಗಲ್ಲ" ಅಂತ ಮೇಸ್ತ್ರಿ ಹೇಳಿದರೆ ಒಪ್ಪಬೇಡಿ. ಗಾರೆಗೆ ಬೆರೆಸುವ ಲಿಕ್ವಿಡ್ ಗಾರೆಯನ್ನು ಸ್ವಲ್ಪ ಗಟ್ಟಿ ಮಾಡುತ್ತದೆಯೇ ಹೊರತು ನೀರನ್ನು ತಡೆಯುವ ಪದರ ಆಗುವುದಿಲ್ಲ. ಬೇಕಾಗಿರೋದು ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಬಳಿಯುವ ಪಾಲಿಮರ್ ಕೋಟಿಂಗ್.

ಮೊದಲು ಕಾಂಕ್ರೀಟನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಧೂಳು ತೊಳೆದು, ಬಿರುಕು ಮುಚ್ಚಿಸಿ. ಪೈಪು ನೆಲವನ್ನು ತೂರಿ ಹೋಗುವ ಕಡೆ ಕುಗ್ಗದ ಗ್ರೌಟ್ ತುಂಬಿಸಿ, ಯಾಕಂದರೆ ಸೋರಿಕೆ ಹೆಚ್ಚಾಗಿ ಶುರುವಾಗುವುದೇ ಅಲ್ಲಿ. ಗೋಡೆ ನೆಲ ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ಮಾಡಿ, ಆ ಮೂಲೆಗೆ ಫೈಬರ್ ಬಲೆ ಅಂಟಿಸಬೇಕು. ಆಮೇಲೆ ಮೊದಲ ಕೋಟ್ ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಒಂದರ ಗೀರನ್ನು ಇನ್ನೊಂದು ಮುಚ್ಚುತ್ತದೆ. ಎಲ್ಲಾ ಗೋಡೆಗೂ ಒಂದು ಅಡಿ ಎತ್ತರ, ಸ್ನಾನದ ಜಾಗದಲ್ಲಿ 7 ಅಡಿಯವರೆಗೆ.

ಈಗ ಪರೀಕ್ಷೆ. ನೆಲದ ನೀರು ಹೊರಹೋಗುವ ಟ್ರಾಪಿನ ಬಾಯಿ ಭದ್ರವಾಗಿ ಮುಚ್ಚಿ, ನೆಲದಲ್ಲಿ 2 ಇಂಚು ನೀರು ನಿಲ್ಲಿಸಿ. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೀರು ಹಾಕಿ. ಅದೇ ಕೋಣೆಯಲ್ಲಿ ಒಂದು ಅಗಲ ಬಾಯಿಯ ಟಬ್ಬಿನಲ್ಲೂ ನೀರಿಟ್ಟು, ಅದಕ್ಕೂ ಗೀರು ಹಾಕಿ. 48 ಗಂಟೆ ಬಿಡಿ. ಎರಡರಲ್ಲೂ ನೀರು ಒಂದೇ ಸಮ ಇಳಿದಿದ್ದರೆ ಅದು ಆವಿಯಾಗಿ ಹೋದದ್ದು. ನೆಲದ ನೀರು ಮಾತ್ರ ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರಿದೆ. ಕೆಳಗಿನ ಮನೆಯ ಸೀಲಿಂಗ್, ಪಕ್ಕದ ಕೋಣೆಯ ಗೋಡೆ ಎರಡನ್ನೂ ಮುಟ್ಟಿ ನೋಡಿ. ಸೋರಿದರೆ ಮತ್ತೆ ಕೋಟ್, ಮತ್ತೆ ನೀರು. ಮೇಸ್ತ್ರಿಗೆ ಬೇರೆ ಸೈಟಿಗೆ ಹೋಗುವ ಆತುರ ಇರುತ್ತದೆ. ನೀವು ಆತುರ ಪಡಬೇಡಿ.

ಅದು ಪಾಸಾದ ಮೇಲೆ ಹೊಸ ತುಂಬು, ಅದರ ಮೇಲೆ ಇಳಿಜಾರಿನ ಗಾರೆ, ಅದು ಕ್ಯೂರಿಂಗ್ ಆಗಿ, ಅಂದರೆ ನೀರುಣಿಸಿ ಗಟ್ಟಿಯಾಗಿ, ಒಣಗಿದ ಮೇಲೆ ಟೈಲ್ಸಿನ ಕೆಳಗೆ ಇನ್ನೊಂದು ಸುತ್ತು ಕೋಟಿಂಗ್.

ವಾಟ ಮತ್ತು ಟೈಲ್ಸ್

ನೆಲದ ಇಳಿಜಾರಿಗೆ ಗಾರೆ ಕೆಲಸದವರು ವಾಟ ಅನ್ನುತ್ತಾರೆ. ಬಾಗಿಲಿನಿಂದ 8 ಅಡಿ ದೂರದ ಟ್ರಾಪಿಗೆ ಒಟ್ಟು 30 ಮಿ.ಮೀ. ಇಳಿತ ಬಂದರೆ ಚೆನ್ನ. ಸ್ನಾನದ ಜಾಗದಲ್ಲಿ ಸ್ವಲ್ಪ ಜಾಸ್ತಿ, ಒಣ ಜಾಗದಲ್ಲಿ ಸ್ವಲ್ಪ ಕಮ್ಮಿ. ಬಾಗಿಲಿನಲ್ಲಿ ಬಚ್ಚಲಿನ ನೆಲ ಕೋಣೆಯ ನೆಲಕ್ಕಿಂತ 15ರಿಂದ 20 ಮಿ.ಮೀ. ಕೆಳಗಿರಲಿ. ಟೈಲ್ಸ್ ಅಂಟಿಸುವ ಮುಂಚೆ ಒಂದು ಮಗ್ಗು ನೀರು ಚೆಲ್ಲಿ ನೋಡಿ. ಎಲ್ಲಾದರೂ ನಿಂತರೆ ಅಲ್ಲೇ ಸರಿ ಮಾಡಿಸಿ. ಮೇಲೆ ಟೈಲ್ಸ್ ಬಂದ ಮೇಲೆ ದಿನಾ ವೈಪರ್ ಎಳೆಯುವುದು ನಿಮ್ಮ ಪಾಲಿಗೆ ಬರುತ್ತದೆ.

ಗೋಡೆಗೆ ದೊಡ್ಡ ಟೈಲ್ಸ್ ಹಾಕಿದರೆ ಸಂದು ಕಮ್ಮಿ, ಕೊಳೆ ಕೂರುವುದೂ ಕಮ್ಮಿ. ಸ್ನಾನದ ನೆಲಕ್ಕೆ ಮಾತ್ರ 1 ಅಡಿಯದ್ದೋ ಅದಕ್ಕಿಂತ ಚಿಕ್ಕದೋ ಇರಲಿ. ನಾಲ್ಕು ದಿಕ್ಕಿನಿಂದ ಟ್ರಾಪಿಗೆ ವಾಟ ಕೊಡಲು ಚಿಕ್ಕ ತುಂಡು ಬೇಕು, ಕಾಲು ಜಾರದಿರಲು ಸಂದುಗಳೂ ನೆರವಾಗುತ್ತವೆ. ಮ್ಯಾಟ್ ಫಿನಿಶ್, ಜಾರದಿರುವ ಮಟ್ಟ ಹೇಳುವ ಆರ್10 ಅಥವಾ ಆರ್11 ದರ್ಜೆ ಕೇಳಿ. ಅಂಗಡಿಯಲ್ಲೇ ತುಂಡಿನ ಮೇಲೆ ನೀರು, ಒಂದು ಹನಿ ಸೋಪು ಹಾಕಿ ಬರಿಗಾಲಿನಲ್ಲಿ ನಿಂತು ನೋಡಿ. ನಾಚಿಕೆ ಬೇಡ.

ವಿಟ್ರಿಫೈಡ್ ಟೈಲ್ಸ್ ನೀರನ್ನು ಅರ್ಧ ಶೇಕಡಕ್ಕಿಂತಲೂ ಕಮ್ಮಿ ಹೀರುತ್ತದೆ. ಅದಕ್ಕೇ ಬರೀ ಸಿಮೆಂಟ್ ತಿಳಿ ಅದನ್ನು ಹಿಡಿದುಕೊಳ್ಳುವುದಿಲ್ಲ. ಕೆಲವು ವರ್ಷದಲ್ಲಿ ಗೋಡೆಯಿಂದ ಕಳಚುತ್ತದೆ. ಐಎಸ್ 15477 ಗುರುತಿರುವ ಟೈಲ್ ಅಂಟನ್ನೇ ಬಳಸಿ, ಹಲ್ಲಿನ ಕರಣೆಯಿಂದ ಪೂರ್ತಿ ಹರಡಿಸಿ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತುವುದನ್ನು ಕಂಡರೆ ತಕ್ಷಣ ನಿಲ್ಲಿಸಿ. ಮರುದಿನ ನಾಣ್ಯದಿಂದ ಪ್ರತಿ ಟೈಲ್ಸನ್ನೂ ತಟ್ಟಿ. ಟೊಳ್ಳು ಸದ್ದು ಬಂದದ್ದಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ ತೆಗೆಸಿ.

ಸಂದಿಗೆ ಎಪಾಕ್ಸಿ ಗ್ರೌಟ್. ದುಬಾರಿ ನಿಜ, ಆದರೆ ಬಿಳಿ ಸಿಮೆಂಟಿನ ಹಾಗೆ ಆರು ತಿಂಗಳಿಗೆ ಕಪ್ಪಾಗುವುದಿಲ್ಲ. ಕಲಸಿದ್ದು ಬೇಗ ಗಟ್ಟಿಯಾಗುತ್ತದೆ, ಕೂಡಲೇ ಒರೆಸದಿದ್ದರೆ ಟೈಲ್ಸಿನ ಮೇಲೆ ಮಂಜಿನಂಥ ಪೊರೆ ಉಳಿಯುತ್ತದೆ. ಹಾಕಿ ಪಳಗಿದ ಕೈಯೇ ಬೇಕು.

ಬಣ್ಣ ಎರಡೇ ಇರಲಿ. ಮರಳಿನ ಬಣ್ಣ, ಬೂದು, ತೇಗದ ಬಣ್ಣ ಇಂಥವು. ಹೂವಿನ ಹೈಲೈಟರ್ ಟೈಲ್ಸ್ ಐದು ವರ್ಷಕ್ಕೆ ಹಳತಾಗಿ ಕಾಣುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಕಪ್ಪು ನಲ್ಲಿಗಳ ಮೋಹ ಬೇಡ. ಗಡಸು ನೀರಿನ ಬಿಳಿ ಕಲೆ ಅದರ ಮೇಲೆ ಎದ್ದು ಕಾಣುತ್ತದೆ.

ಎಣ್ಣೆಸ್ನಾನಕ್ಕೊಂದು ಕಲ್ಲು

ನಮ್ಮ ಕಡೆ ಹಂಡೆ ತೊಳೆದು, ಅಲಂಕಾರ ಮಾಡಿ, ನೀರು ತುಂಬುವುದಕ್ಕೇ ದೀಪಾವಳಿಯಲ್ಲಿ ಒಂದು ದಿನ ಮೀಸಲು. ಮಾರನೇ ದಿನ ನರಕ ಚತುರ್ದಶಿಗೆ ಮನೆಮಂದಿಗೆಲ್ಲ ಎಣ್ಣೆಸ್ನಾನ. ಮೈಗೆ ಹಿತ ಕೊಡುವ ಸ್ನಾನ ಏನು ಅಂತ ನಮಗೆ ಹೊರಗಿನವರು ಹೇಳಿಕೊಡಬೇಕಿಲ್ಲ. ಸ್ಪಾ ಮಾಡುವುದೇ ಆದರೆ ಅದಕ್ಕೆ ಜಾಗ ಮಾಡೋಣ ಅಲ್ವಾ?

ಸ್ನಾನದ ಜಾಗದ ಒಂದು ಗೋಡೆಗೆ ಕಲ್ಲಿನ ಆಸನ ಕಟ್ಟಿಸಿ. ಎತ್ತರ 16ರಿಂದ 18 ಇಂಚು, ಅಗಲ 14 ಇಂಚು. ಸಾದರಹಳ್ಳಿ ಕಲ್ಲು ಅಥವಾ ಉರಿ ಹಾಯಿಸಿ ಒರಟು ಮಾಡಿದ ಗ್ರಾನೈಟ್ ಒಳ್ಳೆಯದು. ಪಾಲಿಶ್ ಮಾಡಿದ್ದು ಎಣ್ಣೆ ಬಿದ್ದರೆ ಜಾರುತ್ತದೆ. ಆಸನ ಮುಂದಕ್ಕೆ ಕೂದಲೆಳೆಯಷ್ಟು ವಾಲಿರಲಿ, ನೀರು ನಿಲ್ಲಬಾರದು. ಹ್ಯಾಂಡ್ ಶವರ್ ಕೂತಲ್ಲಿಂದಲೇ ಕೈಗೆ ಸಿಗಬೇಕು. ಪಕ್ಕದಲ್ಲಿ ಹಿಡಿದು ಏಳಲು 3 ಅಡಿ ಎತ್ತರಕ್ಕೆ ಸ್ಟೀಲ್ ಹಿಡಿ. ಅದು ಕೂರುವ ಕಡೆ ಗೋಡೆ ಗಟ್ಟಿಯಿರಬೇಕು, ಕೆಳಗೆ ಪೈಪು ಓಡಿರಬಾರದು. ವಯಸ್ಸಾದ ಅಪ್ಪ ಅಮ್ಮ ಇರುವ ಮನೆಗೆ ಇದು ಬೇಕೇ ಬೇಕು.

ಸೀಗೆಪುಡಿ, ಕಡಲೆಹಿಟ್ಟು, ಕೂದಲು, ಎಣ್ಣೆ ಸೇರಿ ಟ್ರಾಪ್ ಕಟ್ಟುತ್ತವೆ. ಬಿಚ್ಚಿ ತೊಳೆಯಬಹುದಾದ ಜಾಲರಿಯ ಟ್ರಾಪನ್ನೇ ಹಾಕಿಸಿ. ಟ್ರಾಪಿನಲ್ಲಿ 50 ಮಿ.ಮೀ. ನೀರು ನಿಲ್ಲುವಂತಿದ್ದರೆ ಚರಂಡಿ ವಾಸನೆ, ಜಿರಳೆ ಮೇಲೆ ಬರುವುದಿಲ್ಲ. ಉದ್ದ ಚಾನೆಲ್ ಜಾಲರಿ ನೋಡಲು ಚೆಂದ, ಆದರೆ ಅಗ್ಗದವುಗಳಲ್ಲಿ ಇಷ್ಟು ನೀರು ನಿಲ್ಲುವುದಿಲ್ಲ.

9 ಇಂಚಿನ ಹಳೇ ಗೋಡೆಯಿದ್ದರೆ ಅದೃಷ್ಟ. ಅದರಲ್ಲಿ 4 ಇಂಚು ಆಳದ ಗೂಡು ಮಾಡಿಸಿ, ಎಣ್ಣೆ ಬಟ್ಟಲು, ಶಾಂಪೂ ಎಲ್ಲ ಅಲ್ಲೇ ಇಡಬಹುದು. ಗೂಡಿನ ಒಳಗೂ ಕೋಟಿಂಗ್ ಆಗಬೇಕು.

ಗಾಳಿ, ಬೆಳಕು

10 ಅಡಿ ಎತ್ತರದ ಇಂಥ ಬಚ್ಚಲಿನಲ್ಲಿ 400 ಘನ ಅಡಿ ಗಾಳಿ ಇರುತ್ತದೆ. ಗಂಟೆಗೆ ಹತ್ತು ಸಲ ಅದು ಬದಲಾಗಲು 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಸಾಕು. ಆದರೆ ಫ್ಯಾನನ್ನು ವೆಂಟಿಲೇಟರಿನ ಅರ್ಧಕ್ಕೆ ಕೂರಿಸಿ, ಇನ್ನರ್ಧ ಗಾಜಿನ ಪಟ್ಟಿಗಳನ್ನು ತೆರೆದೇ ಬಿಡುತ್ತಾರೆ. ಆಗ ಫ್ಯಾನ್ ಪಕ್ಕದ ಸಂದಿನಿಂದಲೇ ಹೊರಗಿನ ಗಾಳಿ ಎಳೆದು ಹೊರಗೇ ಬಿಡುತ್ತದೆ. ಕೋಣೆಯ ಹಬೆ ಅಲ್ಲೇ ಇರುತ್ತದೆ. ಆ ಅರ್ಧವನ್ನು ಗಾಜಿನಿಂದ ಪೂರ್ತಿ ಮುಚ್ಚಿ, ಬಾಗಿಲ ಕೆಳಗೆ ಮುಕ್ಕಾಲು ಇಂಚು ಸಂದು ಬಿಡಿ. ಗಾಳಿ ಕೆಳಗಿಂದ ಬಂದು, ನೆಲ ಒಣಗಿಸಿ, ಮೇಲೆ ಹೋಗುತ್ತದೆ. ಸ್ನಾನ ಆದ ಮೇಲೆ 20 ನಿಮಿಷ ಫ್ಯಾನ್ ಓಡಲಿ. ತಾನೇ ಆಫ್ ಆಗುವ ಟೈಮರ್ ಸ್ವಿಚ್ ಹಾಕಿಸಿದರೆ ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ.

ಬಾಗಿಲಿಗೆ ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆ, ಚೌಕಟ್ಟಿಗೆ ಗ್ರಾನೈಟ್. ಎರಡೂ ನೀರಿಗೆ ಉಬ್ಬುವುದಿಲ್ಲ.

ಲೈಟು 3000 ಕೆಲ್ವಿನ್, ಅಂದರೆ ಹಳದಿ ಛಾಯೆಯ ಬಿಳಿ. ಕನ್ನಡಿಯ ಮೇಲೆ ಒಂದೇ ಲೈಟಿದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ, ಎರಡು ಪಕ್ಕದಲ್ಲೂ ಇರಲಿ. ಗೂಡಿನಲ್ಲಿ ಒಂದು ಪಟ್ಟಿ ಲೈಟು. ಸ್ನಾನದ ಜಾಗದ ಲೈಟು ನೀರು ಚಿಮ್ಮಿದರೂ ಒಳಗೆ ಇಳಿಯದ ಐಪಿ65 ಗುರುತಿನದಾಗಿರಬೇಕು. ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಕಿಟಕಿಯ ಬೆಳಕು ಬೀಳುವ ಕಡೆ ಒಂದು ಮನಿ ಪ್ಲಾಂಟ್ ಇಡಿ, ಬಚ್ಚಲಿನ ತೇವಕ್ಕೆ ಅದು ಹುಲುಸಾಗಿ ಬೆಳೆಯುತ್ತದೆ.

ಕೊನೆಯ ಜೋಡಣೆ

ಒಡೆಯುವುದರಿಂದ ಹಿಡಿದು ಗಾಜು ಕೂರಿಸುವವರೆಗೆ ನಾಲ್ಕು ವಾರ ಹಿಡಿಯುತ್ತದೆ. ಹತ್ತೇ ದಿನದಲ್ಲಿ ಮುಗಿಸುತ್ತೇವೆ ಅನ್ನುವವರು ಕ್ಯೂರಿಂಗನ್ನೋ ನೀರು ನಿಲ್ಲಿಸುವ ಪರೀಕ್ಷೆಯನ್ನೋ ನುಂಗುತ್ತಾರೆ ಅಂತಲೇ ಅರ್ಥ.

ನಲ್ಲಿ, ಶವರ್ ಜೋಡಿಸುವ ಮುಂಚೆ ಪೈಪಿನಲ್ಲಿ ಐದು ನಿಮಿಷ ನೀರು ಹರಿಯಬಿಡಿ. ಒಳಗಿನ ಮರಳು, ಪ್ಲಾಸ್ಟಿಕ್ ಚೂರು ಹೊರಗೆ ಬರುತ್ತವೆ. ಇಲ್ಲದಿದ್ದರೆ ಹೊಸ ಡೈವರ್ಟರಿನ ಕಾರ್ಟ್ರಿಡ್ಜ್ ಮೊದಲ ದಿನವೇ ಹಾಳು. ಗಾಜು, ಬೇಸಿನ್, ಕಮೋಡಿನ ಅಂಚಿಗೆ ಸಿಲಿಕಾನ್ ಹಚ್ಚಿ ಒಂದು ದಿನ ನೀರು ಸೋಕಿಸಬೇಡಿ. ಮೇಸ್ತ್ರಿಯ ಕೊನೆಯ ಕಂತನ್ನು ಒಂದು ವಾರ ಬಳಸಿ ನೋಡಿದ ಮೇಲೆ ಕೊಡುವುದಾಗಿ ಮೊದಲೇ ಮಾತಾಡಿಕೊಂಡಿರಿ.

ತೊಳೆಯುವುದಕ್ಕೆ ಆ್ಯಸಿಡ್ ತರಬೇಡಿ. ಅದು ಕ್ರೋಮನ್ನೂ ಕಲ್ಲನ್ನೂ ತಿನ್ನುತ್ತದೆ. ಗಡಸು ನೀರಿನ ಕಲೆಗೆ ವಿನೆಗರ್ ನೀರು ಅದ್ದಿದ ಬಟ್ಟೆ ಹತ್ತು ನಿಮಿಷ ಸುತ್ತಿಟ್ಟು ಒರೆಸಿದರೆ ಸಾಕು. ಕಲ್ಲಿನ ಆಸನಕ್ಕೆ ವಿನೆಗರ್ ಕೂಡ ಬೇಡ, ಮೆದು ಸೋಪೇ ಸಾಕು. ಶವರಿನ ರಬ್ಬರ್ ತೂತುಗಳನ್ನು ವಾರಕ್ಕೊಮ್ಮೆ ಬೆರಳಿನಲ್ಲಿ ಉಜ್ಜಿ.

ಉಳಿದ ಟೈಲ್ಸಿನಲ್ಲಿ ಗೋಡೆಯದ್ದು ಒಂದು ಬಾಕ್ಸ್, ನೆಲದ್ದು ಒಂದು ಬಾಕ್ಸ್ ಅಟ್ಟಕ್ಕೆ ಹಾಕಿ. ಅದೇ ಹೆಸರಿನ ಟೈಲ್ಸ್ ಮುಂದಿನ ಬ್ಯಾಚಿನಲ್ಲಿ ಬೇರೆ ಛಾಯೆಯಲ್ಲಿ ಬರುತ್ತದೆ. ಡೈವರ್ಟರ್, ಫ್ಲಷ್ ಟ್ಯಾಂಕಿನ ಮಾಡೆಲ್ ನಂಬರು, ಬಿಲ್ಲು, ಪೈಪಿನ ಫೋಟೊಗಳ ಪ್ರಿಂಟ್ ಎಲ್ಲವನ್ನೂ ಒಂದು ಕವರಿಗೆ ಹಾಕಿ ಆ ಬಾಕ್ಸಿಗೇ ಅಂಟಿಸಿಡಿ.